ಹಳೆಯ ವಿಮಾನ, ಮೊದಲು ಲೆಕ್ಕ

ಆದವಾನಿಯ ಹತ್ತಿ ಪೇಟೆಯ ನಮ್ಮ ಬಂಧುಗಳೊಬ್ಬರು ಮೊನ್ನೆ ಒಂದು ಚೀಟಿ ತೋರಿಸಿದರು. ಹಳೆಯ ಕಿಂಗ್ ಏರ್ ಬಿ-200 ವಿಮಾನ ಮಾರಾಟಕ್ಕಿದೆ; ಎರಡು ಟರ್ಬೊಪ್ರಾಪ್ ಇಂಜಿನ್, ಏಳೆಂಟು ಜನಕ್ಕೆ ಸ್ಥಳ. “ಮೂರು ಮನೆತನ ಸೇರಿ ಕೊಂಡರೆ ಹೇಗೆ? ಬೆಳಿಗ್ಗೆ ಮುಂಬಯಿಗೆ ಹೋಗಿ ಸೂರ್ಯಾಸ್ತದೊಳಗೆ ಮನೆಯ ಊಟಕ್ಕೆ ಬರಬಹುದಲ್ಲ?” ಎಂದರು. ಆಸೆ ತಪ್ಪಲ್ಲ. ಆದರೆ ಲೆಕ್ಕ ನೋಡದೆ ಕೈ ಹಾಕುವವರು ನಾವಲ್ಲ.

ಮೊದಲು ದಾರಿಯ ಲೆಕ್ಕ. ಈ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹಾರುತ್ತದೆ, ಮುಂಬಯಿ ಒಂದೂವರೆ ಗಂಟೆಯ ಮಾತು. ಆದರೆ ಅದು ನಮ್ಮ ಅಂಗಡಿಯ ಮುಂದೆ ಇಳಿಯುವುದಿಲ್ಲ. ಜಿಲ್ಲೆಯ ನಿಲ್ದಾಣವಿರುವುದು ಕರ್ನೂಲಿನಾಚೆಯ ಓರ್ವಕಲ್ಲಿನಲ್ಲಿ. ಅಲ್ಲಿ 2021ರ ಮಾರ್ಚ್‌ನಲ್ಲಿ ವಿಮಾನ ಸಂಚಾರ ಶುರುವಾಯಿತು. ಆದವಾನಿಯಿಂದ ನೂರು ಕಿ.ಮೀ.ಗೂ ಹೆಚ್ಚು. ಹೋಗಿ ಬರುವ ರಸ್ತೆಯೇ ನಾಲ್ಕು ಗಂಟೆ ನುಂಗಿದರೆ ಕೆಲಸಕ್ಕೆ ಉಳಿಯುವುದೆಷ್ಟು? ಮುಂಬಯಿ ರೈಲು ಆದವಾನಿಯ ಮೇಲೇ ಹೋಗುತ್ತದೆ. ರಾತ್ರಿ ನಿದ್ದೆಯಲ್ಲೇ ದಾರಿ ಸವೆಯುತ್ತದೆ.

ಎರಡನೆಯದು ಮಾಲಿನ ಪರೀಕ್ಷೆ. ಈ ಮಾದರಿಯ ಇಂಜಿನ್ನಿಗೆ ಸಾಮಾನ್ಯವಾಗಿ 3,600 ಗಂಟೆಗೊಮ್ಮೆ ಪೂರ್ಣ ದುರಸ್ತಿ ಆಗಬೇಕು. ಬೆಲೆ ಅಗ್ಗವೆಂದರೆ ಆ ಗಡುವು ಹತ್ತಿರ ಬಂದಿರಬಹುದು. ಇಂಜಿನ್ ಎರಡಾದ್ದರಿಂದ ಖರ್ಚೂ ಎರಡು. ಹಾರಾಟದ, ದುರಸ್ತಿಯ ದಾಖಲೆ ಪುಸ್ತಕಗಳು ಮೊದಲ ದಿನದಿಂದ ಪೂರ್ತಿ ಇರಬೇಕು. ಹತ್ತಿಯ ಅಂಡಿಗೆಯನ್ನು ಮೇಲಿನ ಪದರ ನೋಡಿ ಕೊಳ್ಳುತ್ತೇವೆಯೇ? ಹಾಗೆಯೇ ದಲಾಲಿ ತೋರಿಸಿದವನನ್ನಲ್ಲ, ನಾವೇ ಗೊತ್ತು ಮಾಡಿದ ಇಂಜಿನಿಯರನ್ನು ಕಳಿಸಿ ಬಿಚ್ಚಿ ನೋಡಿಸಬೇಕು.

ಮೂರನೆಯದು ಕಾಯಿದೆ. ಸ್ವಂತ ಬಳಕೆಯ ವಿಮಾನಕ್ಕೆ 2025ರ ಸೆಪ್ಟೆಂಬರಿನಿಂದ ಜಿ.ಎಸ್.ಟಿ. ಶೇ. 40. ಅದನ್ನು ಬಾಡಿಗೆಗೆ ಬಿಟ್ಟು ಖರ್ಚು ಹುಟ್ಟಿಸುತ್ತೇವೆಂದರೆ ಡಿ.ಜಿ.ಸಿ.ಎ.ಯ ಬೇರೆ ಪರವಾನಗಿ ಬೇಕು. ಹಾರಲಿ ಬಿಡಲಿ, ಪೈಲಟರ ಸಂಬಳ, ವಿಮೆ, ನಿಲುಗಡೆ ತಪ್ಪದು.

ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಜೀವದ ಲೆಕ್ಕ. ಎರಡು ಇಂಜಿನ್ ಇದ್ದರೆ ಭಯವಿಲ್ಲ ಎನ್ನುತ್ತಾರೆ. 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ತೀರಿಕೊಂಡದ್ದು ಕಿಂಗ್ ಏರ್ ವಿಮಾನದಲ್ಲಿಯೇ. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ನಲ್ಲಮಲದಲ್ಲಿ ಬಿದ್ದಾಗ ಅದಕ್ಕೂ ಎರಡು ಇಂಜಿನ್ ಇದ್ದವು. ಎರಡನೆಯ ಇಂಜಿನ್ ಮೋಡವನ್ನು ಸರಿಸದು. ಯಜಮಾನರು ಹೊರಡಿ ಎಂದರೂ ಪೈಲಟ್ “ಇಂದು ಬೇಡ” ಎನ್ನುವಂತಿರಬೇಕು. ಆ ಮಾತಿಗೆ ಮನೆಯವರು ತಲೆಬಾಗಬೇಕು. ಅಣ್ಣತಮ್ಮಂದಿರು, ಮಕ್ಕಳು ಎಲ್ಲರೂ ಒಂದೇ ವಿಮಾನ ಹತ್ತಬಾರದು.

ನಮ್ಮ ಸಲಹೆ ಇಷ್ಟೆ. ಒಂದು ವರ್ಷ ಅವಶ್ಯವಿದ್ದಾಗಲೆಲ್ಲ ಬಾಡಿಗೆ ವಿಮಾನ ತೆಗೆದುಕೊಳ್ಳಿ. ಎಷ್ಟು ಸಲ ಹೋದಿರಿ, ಯಾವ ವ್ಯವಹಾರ ಕುದುರಿತು, ಪ್ರತಿಯೊಂದನ್ನೂ ಖಾತೆಯಲ್ಲಿ ಬರೆಯಿರಿ. ದೀಪಾವಳಿಗೆ ಹೊಸ ಲೆಕ್ಕ ತೆರೆಯುವಾಗ ಆ ಪುಟವನ್ನು ಮನೆಮಂದಿಯೆಲ್ಲ ಕೂತು ಓದಿರಿ. ಕೊಳ್ಳಬೇಕೋ ಬೇಡವೋ ಎಂಬುದನ್ನು ಆ ಪುಟವೇ ಹೇಳುತ್ತದೆ. ಚೀಟಿ ತೋರಿಸಿದ ಬಂಧುಗಳಿಗೂ ನಾವು ಹೇಳಿದ್ದು ಇದನ್ನೇ.