ಗೀಳುರೋಗ ಮತ್ತು ಶಿಕ್ಷಕರ ಹೊಣೆ

ಶುಚಿತ್ವ, ಶಿಸ್ತು, ಕ್ರಮಬದ್ಧತೆ - ಇವು ಮಠದ ಆಶ್ರಯದಲ್ಲಿ ಬೆಳೆದ ಪ್ರತಿಯೊಂದು ವಿದ್ಯಾಸಂಸ್ಥೆಯೂ ಹೆಮ್ಮೆಯಿಂದ ಕಲಿಸುತ್ತ ಬಂದಿರುವ ಗುಣಗಳು. ಸಿರಿಗೆರೆಯ ವಿದ್ಯಾರ್ಥಿನಿಲಯಗಳಲ್ಲಿದ್ದು ಓದಿದವರು ಈ ಗುಣಗಳನ್ನು ಬಾಳಿನುದ್ದಕ್ಕೂ ಉಳಿಸಿಕೊಂಡು ಬಂದಿರುವುದು ಸಂತೋಷದ ಸಂಗತಿ. ಆದರೆ ಇದೇ ಗುಣಗಳ ವೇಷ ತೊಟ್ಟು ಬರುವ ಒಂದು ವ್ಯಾಧಿಯುಂಟು. ಮನೋವೈದ್ಯರು ಅದನ್ನು ಗೀಳುರೋಗವೆಂದು ಕರೆಯುವರು. ಸದ್ಗುಣವೆಂದು ಮೆಚ್ಚಿಯೋ ಹಟವೆಂದು ದಂಡಿಸಿಯೋ ನಾವು ಅದನ್ನು ಗುರುತಿಸದೆ ಹೋದರೆ ಒಂದು ಮಗುವಿನ ವಿದ್ಯಾಭ್ಯಾಸವೇ ಮೊಟಕಾಗುವ ಸಂಭವವಿದೆ.

ಈ ರೋಗಕ್ಕೆ ಎರಡು ಮುಖಗಳು. ಬೇಡವೆಂದರೂ ಮನಸ್ಸಿನೊಳಕ್ಕೆ ನುಗ್ಗಿ ಬರುವ ಆಲೋಚನೆ ಒಂದು. ಅದು ಹುಟ್ಟಿಸಿದ ಕಳವಳವನ್ನು ನೀಗಿಕೊಳ್ಳಲು ಮತ್ತೆ ಮತ್ತೆ ಮಾಡಲೇಬೇಕಾಗುವ ಕ್ರಿಯೆ ಇನ್ನೊಂದು. ಬಯಲುಸೀಮೆಯ ನೀರಿನ ಅಭಾವವನ್ನು ಬಲ್ಲ ಹುಡುಗನೇ ಕೊಳಾಯಿಯ ಮುಂದೆ ನಿಂತು ಅರ್ಧ ಗಂಟೆ ಕೈ ತೊಳೆಯುತ್ತಾನೆ. ಉತ್ತರ ಗೊತ್ತಿದ್ದ ಹುಡುಗಿ ಬರೆದುದನ್ನೇ ಅಳಿಸಿ ಅಳಿಸಿ ಬರೆದು, ಪರೀಕ್ಷೆಯಲ್ಲಿ ಅರ್ಧ ಪತ್ರಿಕೆಯನ್ನೂ ಮುಗಿಸಲಾರಳು. ನೂರು ಜನರಲ್ಲಿ ಇಬ್ಬರು ಮೂವರು ಬಾಳಿನ ಒಂದಲ್ಲ ಒಂದು ಘಟ್ಟದಲ್ಲಿ ಇದಕ್ಕೆ ತುತ್ತಾಗುವರು. ಅನೇಕರಲ್ಲಿ ಇದು ತಲೆದೋರುವುದು ಹದಿಹರೆಯದಲ್ಲಿ, ಎಂದರೆ ನಮ್ಮ ತರಗತಿಗಳಲ್ಲಿ ಕುಳಿತಿರುವ ವಯಸ್ಸಿನಲ್ಲಿ. ತಾನು ಮಾಡುತ್ತಿರುವುದು ಅತಿಯಾಯಿತೆಂದು ರೋಗಿಗೆ ಬಹುಮಟ್ಟಿಗೆ ತಿಳಿದೇ ಇರುತ್ತದೆ; ತಿಳಿದೂ ಬಿಡಲಾಗದು. ಆದುದರಿಂದಲೇ ಇಲ್ಲಿ ಬರಿಯ ಬುದ್ಧಿವಾದ ಫಲಿಸದು.

ಇದಕ್ಕೆ ಕಾರಣವನ್ನು ವಿಜ್ಞಾನಿಗಳು ಮೆದುಳಿನಲ್ಲಿ ಅರಸಿದ್ದಾರೆ. ಕಣ್ಣುಗುಡ್ಡೆಗಳ ಮೇಲ್ಗಡೆ, ಹಣೆಯ ಹಿಂದೆ ಇರುವ ಮೆದುಳಿನ ಭಾಗವು ಎಲ್ಲೋ ತಪ್ಪಾಗಿದೆಯೆಂಬ ಎಚ್ಚರಿಕೆ ನೀಡುವ ಕೆಲಸದಲ್ಲಿ ಪಾಲುಗೊಳ್ಳುತ್ತದೆ. ಆ ಸಂದೇಶವು ಮೆದುಳಿನ ಆಳದಲ್ಲಿರುವ, ಬಾಲದ ಆಕಾರದ 'ಕಾಡೇಟ್' ಎಂಬ ನರಕೇಂದ್ರಕ್ಕೂ, ಅಲ್ಲಿಂದ ಮುಂದೆ 'ಥಲಾಮಸ್' ಎಂಬ ಕೇಂದ್ರಕ್ಕೂ ಹರಿದು, ಹೊರಟಲ್ಲಿಗೇ ಹಿಂದಿರುಗುತ್ತದೆ. ಗದ್ದೆ ತುಂಬಿದ ಮೇಲೆ ಕೆರೆಯ ತೂಬನ್ನು ಮುಚ್ಚುವಂತೆ, ಕೆಲಸ ಮುಗಿದ ಮೇಲೆ ಈ ಹರಿವು ತಗ್ಗಬೇಕು. ಗೀಳುರೋಗದಲ್ಲಿ ತೂಬು ಸರಿಯಾಗಿ ಮುಚ್ಚುವುದಿಲ್ಲ. ಕೈ ಶುಭ್ರವಾಗಿದೆಯೆಂದು ಕಣ್ಣು ಹೇಳಿದರೂ 'ಇನ್ನೂ ಆಗಿಲ್ಲ' ಎಂಬ ಎಚ್ಚರಿಕೆ ಸುತ್ತುತ್ತಲೇ ಇರುತ್ತದೆ. ೧೯೧೭ರ ಸುಮಾರಿಗೆ ಯೂರೋಪಿನಲ್ಲಿ ಹಬ್ಬಿದ ಒಂದು ಬಗೆಯ ಮೆದುಳಿನ ಉರಿಯೂತದಿಂದ ಬದುಕುಳಿದ ಕೆಲವರಲ್ಲಿ ಗೀಳಿನ ಲಕ್ಷಣಗಳು ಕಂಡುಬಂದುವು. ಆ ಬೇನೆ ಮೆದುಳಿನ ಆಳದ ನರಕೇಂದ್ರಗಳನ್ನೇ ಘಾಸಿಗೊಳಿಸುವಂಥದು. ಈ ರೋಗಕ್ಕೆ ವಂಶದ ಒಲವೂ ಉಂಟು.

ಮೆದುಳಿನ ದೋಷವೆಂದ ಮೇಲೆ ಪ್ರಯತ್ನಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಇದಕ್ಕೆ ೧೯೯೨ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೇ ಉತ್ತರ. ಕೆಲವು ರೋಗಿಗಳಿಗೆ ಅವರು ಔಷಧಿಯನ್ನೂ ಮತ್ತೆ ಕೆಲವರಿಗೆ ಔಷಧಿಯಿಲ್ಲದೆ ವರ್ತನ ಚಿಕಿತ್ಸೆಯನ್ನೂ ಕೊಟ್ಟರು. ಭಯಪಡುವುದನ್ನು ಮುಟ್ಟಿಸಿ, ಕೈ ತೊಳೆಯದೆ ತಾಳಿಕೊಳ್ಳುವುದನ್ನು ಹಂತಹಂತವಾಗಿ ರೂಢಿಸುವುದು ಇಂಥ ಚಿಕಿತ್ಸೆಯ ತಿರುಳು. ಎರಡು ಗುಂಪುಗಳಲ್ಲಿಯೂ ಗುಣಮುಖರಾದವರ ಕಾಡೇಟ್ ಭಾಗದ ಅತಿಯಾದ ಚಟುವಟಿಕೆ ತಗ್ಗಿದುದು ಚಿತ್ರಗಳಲ್ಲಿ ಕಂಡುಬಂದಿತು. ಅಭ್ಯಾಸವೂ ಮೆದುಳನ್ನು ತಿದ್ದಬಲ್ಲುದು! ಶಿಕ್ಷಣದಲ್ಲಿ ನಂಬಿಕೆಯಿಟ್ಟವರಿಗೆ ಇದಕ್ಕಿಂತ ಆಶಾದಾಯಕವಾದ ಮಾತು ಇನ್ನೊಂದಿಲ್ಲ.

ಧಾರ್ಮಿಕ ಪರಿಸರದಲ್ಲಿ ಈ ರೋಗವನ್ನು ಗುರುತಿಸುವುದು ಇನ್ನಷ್ಟು ಕಷ್ಟ. ಮಡಿಯ ಭಯ, ಪೂಜೆಯಲ್ಲಿ ಲೋಪವಾಯಿತೆಂಬ ಭಯ, ದೇವರ ವಿಷಯದಲ್ಲಿ ಕೆಟ್ಟ ಆಲೋಚನೆ ಬಂದಿತೆಂಬ ಭಯ - ಗೀಳು ಇವುಗಳ ರೂಪವನ್ನು ತಾಳುವುದು ಎಲ್ಲ ಮತಗಳಲ್ಲಿಯೂ ಉಂಟು. ಪಂಚಸೂತಕಗಳನ್ನು ಅಲ್ಲಗಳೆದ ಶರಣಪರಂಪರೆಗೆ ಸೇರಿದ ನಮ್ಮ ಮನೆಗಳೂ ಇದಕ್ಕೆ ಹೊರತಾಗಲಾರವು. ಇಷ್ಟಲಿಂಗ ಪೂಜೆಯಿಂದ ಮನಸ್ಸು ನೆಲೆಗೊಳ್ಳಬೇಕು. ತಪ್ಪಾಯಿತೆಂದು ಮತ್ತೆ ಮೊದಲಿನಿಂದ ತೊಡಗಿ, ಬೆವರುತ್ತ ಎರಡು ಗಂಟೆ ಕುಳಿತ ಬಾಲಕನ ಪಾಡನ್ನು ಭಕ್ತಿಯೆಂದು ಹೊಗಳುವುದು ಭಕ್ತಿಗೂ ಬಾಲಕನಿಗೂ ಬಗೆಯುವ ಅನ್ಯಾಯ.

ಶಿಕ್ಷಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. 'ಸರಿಯಾಗಿದೆಯೇ ಸಾರ್?' ಎಂದು ವಿದ್ಯಾರ್ಥಿ ಹತ್ತು ಸಲ ಕೇಳಿದಾಗ ಕನಿಕರದಿಂದ ಹತ್ತು ಸಲವೂ ಸಮಾಧಾನ ಹೇಳುವುದು ಗೀಳನ್ನು ಬೆಳೆಸುತ್ತದೆ. ಗದರಿಸುವುದು ನಾಚಿಕೆಯನ್ನು ಬೆಳೆಸುತ್ತದೆ. ಒಮ್ಮೆ ಉತ್ತರಿಸಿ, ಪಾಲಕರನ್ನು ಕರೆಸಿ, ಗುಟ್ಟಾಗಿ ಮಾತನಾಡಿ, ವೈದ್ಯರಲ್ಲಿಗೆ ಕಳುಹಿಸುವುದೇ ಸರಿಯಾದ ದಾರಿ. ಔಷಧಿಯ ಪೂರ್ಣ ಫಲ ಕಾಣಲು ಎರಡು ಮೂರು ತಿಂಗಳುಗಳೇ ಬೇಕಾಗಬಹುದಾದುದರಿಂದ, ನಡುವೆ ಬಿಡದಂತೆ ಧೈರ್ಯ ಹೇಳುವ ಕೆಲಸವೂ ನಮ್ಮದೇ.

ಚಿಕಿತ್ಸೆಗಾಗಿ ನಾವು ಪರದೇಶವನ್ನು ನೋಡಬೇಕಾಗಿಲ್ಲ. ೧೯೭೪ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳುರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದ್ದು, ಈ ರೋಗದಲ್ಲಿ ಮೆದುಳು ವರ್ತಿಸುವ ಬಗೆಯನ್ನು ಕುರಿತ ಸಂಶೋಧನೆಯೂ ಅಲ್ಲಿ ನಡೆಯುತ್ತಿದೆ. ಊರ ಸನಿಹದಲ್ಲಿಯೇ ಮನೋವೈದ್ಯ ಸೇವೆ ದೊರೆಯಬೇಕೆಂಬ ಯೋಜನೆಗೆ ೧೯೮೦ರ ದಶಕದಲ್ಲಿ ಮಾದರಿಯಾದುದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುವುದು.

ಇನ್ನುಳಿದುದು ನಮ್ಮ ಪಾಲಿನ ಕೆಲಸ. ವರ್ಷಕ್ಕೊಮ್ಮೆ ಶಿಕ್ಷಕರಿಗೂ ನಿಲಯಪಾಲಕರಿಗೂ ಮನೋವೈದ್ಯರಿಂದ ಒಂದು ದಿನದ ಶಿಬಿರ ನಡೆಯಲಿ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ಇದರ ಹೊಣೆ ಹೊರಲಿ. ಪ್ರತಿಭಾವಂತರ ಪದಕಗಳಿಗೆ ದತ್ತಿಯಿಡುವ ಮಹನೀಯರು, ರೋಗದ ದೆಸೆಯಿಂದ ಪ್ರತಿಭೆ ಮಂಕಾದ ಮಗುವಿನ ಪ್ರಯಾಣಕ್ಕೂ ಔಷಧಿಗೂ ಒಂದು ಸಣ್ಣ ನಿಧಿಯನ್ನು ಕೂಡಿಸಲಿ. ಪದಕ ಪಡೆದವನ ಹೆಸರು ಫಲಕದ ಮೇಲೆ ಏರುವುದು. ಈ ನಿಧಿಯಿಂದ ಉಳಿದವನ ಹೆಸರು ಎಲ್ಲಿಯೂ ಏರದು. ಆದರೆ ಅವನು ಶಾಲೆ ಬಿಡದೆ ಓದು ಮುಗಿಸುವನು. ವಿದ್ಯಾಸಂಸ್ಥೆಯೊಂದಕ್ಕೆ ಅದೇನು ಸಣ್ಣ ಸಾರ್ಥಕತೆಯಲ್ಲ.