ಡ್ರಾಯಿಂಗ್ ಮೇಷ್ಟ್ರು ನಂದಲಾಲ ಬೋಸರು

ನಮ್ಮ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಪೀರಿಯಡ್ಡಿನ ಗತಿ ಏನೆಂಬುದು ನಮಗೆಲ್ಲ ಗೊತ್ತಿದ್ದದ್ದೇ. ಗಣಿತದ ಪಾಠ ಉಳಿದಿದ್ದರೆ ಆ ಪೀರಿಯಡ್ ಗಣಿತದವರ ಪಾಲು. ವಾರ್ಷಿಕೋತ್ಸವ ಬಂದಾಗ ಮಾತ್ರ ಡ್ರಾಯಿಂಗ್ ಮೇಷ್ಟ್ರ ನೆನಪಾಗುತ್ತದೆ, ಬೋರ್ಡು ಬರೆಯುವುದಕ್ಕೆ. ನಾನು ಓದಿದ ಶಾಲೆಯ ಮೇಷ್ಟ್ರು ಒಂದು ಮಣ್ಣಿನ ಹೂಜಿಯನ್ನು ಮೇಜಿನ ಮೇಲಿಟ್ಟು, “ಮೊದಲು ನೋಡಿ, ಆಮೇಲೆ ಬರೆಯಿರಿ” ಎನ್ನುತ್ತಿದ್ದರು. ನಾವು ನೋಡದೆಯೇ ಬರೆದು ಮುಗಿಸುತ್ತಿದ್ದೆವು. ಸ್ವಂತ ಚಿತ್ರ ಬರೆದು ಹೆಸರು ಮಾಡಲಾರದವನು ಡ್ರಾಯಿಂಗ್ ಮೇಷ್ಟ್ರಾಗುತ್ತಾನೆ ಎಂಬ ಮಾತನ್ನು ಹಲವರು ಆಡುತ್ತಾರೆ; ನಾನೂ ಆಡಿದ್ದೇನೆ. ಅದು ಎಷ್ಟು ತಪ್ಪೆಂದು ತಿಳಿದದ್ದು ನಂದಲಾಲ ಬೋಸರ ಜೀವನವನ್ನು ಓದಿದ ಮೇಲೆ.

ನಂದಲಾಲರು 1882ರಲ್ಲಿ ಬಿಹಾರದ ಮುಂಗೇರ್ ಸೀಮೆಯಲ್ಲಿ ಜನಿಸಿದರು. ಕಾಲೇಜಿನ ಪರೀಕ್ಷೆಗಳು ಅವರಿಗೆ ಒಲಿಯಲಿಲ್ಲ. ಕೊನೆಗೆ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಅದೇ ಗುರುವಿನ ಬಳಿ ಕಲಿತವರೆಂಬುದು ನಾವು ನೆನೆಯತಕ್ಕ ಸಂಗತಿ. ಅಜಂತೆಯ ಭಿತ್ತಿಚಿತ್ರಗಳನ್ನು ಪ್ರತಿಮಾಡಲು ಹೋದ ತರುಣರಲ್ಲಿ ನಂದಲಾಲರೂ ಒಬ್ಬರು. ಚಿತ್ರಕಾರರೆಂದು ಹೆಸರು ಬಂದಿದ್ದ ಆ ಕಾಲದಲ್ಲೇ ಅವರು ರವೀಂದ್ರನಾಥರ ಕರೆಗೆ ಓಗೊಟ್ಟು ಶಾಂತಿನಿಕೇತನಕ್ಕೆ ಬಂದರು. 1919ರಲ್ಲಿ ಆರಂಭವಾದ ಕಲಾಭವನದ ಹೊಣೆಯನ್ನು ಕೆಲವೇ ವರ್ಷಗಳಲ್ಲಿ ಹೊತ್ತು, 1951ರಲ್ಲಿ ನಿವೃತ್ತರಾಗುವವರೆಗೆ ಇಳಿಸಲಿಲ್ಲ. ಅಲ್ಲಿ ಎಲ್ಲರಿಗೂ ಅವರು ‘ಮಾಸ್ಟರ್ ಮೊಶಾಯ್’, ಅಂದರೆ ಮೇಷ್ಟ್ರು.

ಅವರು ಪಾಠವನ್ನು ನಾಲ್ಕು ಗೋಡೆಗಳೊಳಗೆ ಕಟ್ಟಿಹಾಕಲಿಲ್ಲ. ಸಂತಾಲರ ಹಳ್ಳಿ, ಕೆಂಪು ನೆಲ, ತಾಳೆಮರ, ಎಮ್ಮೆ, ಮಳೆ—ಎಲ್ಲವೂ ಪಾಠವೇ. ಕೈಗೆ ಸಿಕ್ಕ ಸಣ್ಣ ಕಾರ್ಡುಗಳ ಮೇಲೆ ಅವರು ತಾವೇ ಕಂಡದ್ದನ್ನು ಬರೆಯುತ್ತಿದ್ದರು. ಎಷ್ಟೋ ಕಾರ್ಡುಗಳು ಅಂಚೆಯಲ್ಲಿ ಶಿಷ್ಯರ, ಮಿತ್ರರ ಮನೆ ಸೇರಿದವು. ರವೀಂದ್ರನಾಥರು ಮಕ್ಕಳಿಗಾಗಿ ಬರೆದ ‘ಸಹಜ ಪಾಠ’ವೆಂಬ ಬಂಗಾಳಿ ಪಾಠಪುಸ್ತಕಕ್ಕೆ ಚಿತ್ರ ಕೊಟ್ಟವರೂ ಅವರೇ. ಮಕ್ಕಳ ಪುಸ್ತಕವೆಂದು ಅವರು ಅದನ್ನು ಕೀಳಾಗಿ ಕಾಣಲಿಲ್ಲ.

1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿಯವರ ಕೋರಿಕೆಯಂತೆ ನಂದಲಾಲರು ಚಿತ್ರಫಲಕಗಳನ್ನು ಸಿದ್ಧಪಡಿಸಿದರು. ಡೋಲು ಬಡಿಯುವವನು, ಬಡಗಿ, ಚಮ್ಮಾರ, ಮಗುವನ್ನೆತ್ತಿಕೊಂಡ ತಾಯಿ—ಇವರೇ ಆ ಚಿತ್ರಗಳ ನಾಯಕರು. ಹಳ್ಳಿಗರು ಓಡಾಡುವ ದಾರಿಯಲ್ಲಿ ಹಳ್ಳಿಗರ ಚಿತ್ರಗಳೇ! ಶಿಷ್ಯರ ಕೈಗಳೂ ಕೂಡಿ ನೂರಾರು ಫಲಕಗಳಾದವು. ಮುಂದೆ ನಮ್ಮ ಸಂವಿಧಾನದ ಮೂಲಪ್ರತಿಯ ಪುಟಗಳನ್ನು ಅಲಂಕರಿಸಿದ್ದೂ ಇದೇ ಗುರುಶಿಷ್ಯರ ಬಳಗ. 1954ರಲ್ಲಿ ಪದ್ಮವಿಭೂಷಣ ದೊರೆಯಿತು. 1966ರಲ್ಲಿ ಅವರು ಕಾಲವಾದರು.

ಆದರೆ ನನ್ನ ಅಭಿಪ್ರಾಯದಲ್ಲಿ ಅವರ ನಿಜವಾದ ಹಿರಿಮೆ ಪದವಿಯಲ್ಲಿಲ್ಲ, ಶಿಷ್ಯರಲ್ಲಿದೆ. ರಾಮಕಿಂಕರ ಬೈಜರು ಸಿಮೆಂಟು ಕಲ್ಲುಹರಳುಗಳಿಂದ ಬಯಲಿನಲ್ಲಿ ಸಂತಾಲ ಕುಟುಂಬವನ್ನು ನಿಲ್ಲಿಸಿದರು. ದೃಷ್ಟಿ ದುರ್ಬಲವಾಗಿದ್ದ ವಿನೋದ ಬಿಹಾರಿ ಮುಖರ್ಜಿಯವರು ಹಿಂದೀ ಭವನದ ಗೋಡೆಯ ಮೇಲೆ ಸಂತರ ಮೆರವಣಿಗೆಯನ್ನೇ ಬರೆದರು. ಅಲ್ಲಿ ಕೆಲಕಾಲ ಕಲಿತ ಸತ್ಯಜಿತ್ ರಾಯ್ ಚಲನಚಿತ್ರಕ್ಕೆ ಹೋದರು. ಇವರಲ್ಲಿ ಯಾರ ಕೆಲಸವೂ ನಂದಲಾಲರ ಕೆಲಸದಂತಿಲ್ಲ! ಶಿಷ್ಯರು ತನ್ನಂತೆ ಬರೆಯಬೇಕೆಂದು ಹಟ ಹಿಡಿಯುವ ಗುರು ನಕಲುಗಾರರನ್ನು ಹುಟ್ಟಿಸುತ್ತಾನೆ. ನಂದಲಾಲರು ಕೈಯನ್ನು ತಿದ್ದುವುದಕ್ಕಿಂತ ಕಣ್ಣನ್ನು ತೆರೆಸಿದರು.

ಪಾಠ ಹೇಳದಿದ್ದರೆ ಅವರು ಇನ್ನೂ ಹೆಚ್ಚು ಚಿತ್ರ ಬರೆಯುತ್ತಿದ್ದರು ಎನ್ನಬಹುದು. ಇರಬಹುದು. ಆದರೆ ಹರಿಪುರದ ಫಲಕಗಳೂ ಸಂವಿಧಾನದ ಪುಟಗಳೂ ಒಂಟಿ ಕೈಯ ಕೆಲಸವಲ್ಲ. ಮೇಷ್ಟ್ರಾಗಿದ್ದರಿಂದಲೇ ಅವು ಸಾಧ್ಯವಾದವು. ರವೀಂದ್ರರ ಆಶ್ರಯ ಎಲ್ಲರಿಗೂ ಎಲ್ಲಿಂದ ಬರಬೇಕು, ನಮ್ಮ ಮೇಷ್ಟ್ರಿಗಿರುವುದು ಸೀಮೆಸುಣ್ಣ ಮತ್ತು ಮುಕ್ಕಾಲು ಗಂಟೆ ಎಂದೂ ಕೇಳಬಹುದು. ಈ ಮಾತು ನಿಜ. ಹಾಗಾದರೆ ಆ ಮುಕ್ಕಾಲು ಗಂಟೆಯನ್ನಾದರೂ ಕಸಿದುಕೊಳ್ಳದಿರುವುದು ನಮ್ಮ ಕರ್ತವ್ಯವಲ್ಲವೇ?

ನಮ್ಮದು ಕಲಾ ಕಾಲೇಜು. ಹೆಬ್ಬಾಗಿಲಿನ ಫಲಕದಲ್ಲಿ ಕಲೆ ಇದೆ. ಒಳಗೆ ಚಿತ್ರ ಬರೆಯಲು ಒಂದು ಕೊಠಡಿಯಿಲ್ಲ. ವಾರಕ್ಕೊಂದು ಸಂಜೆ ಒಂದು ಕೊಠಡಿಯನ್ನು ಬಿಟ್ಟುಕೊಟ್ಟರೆ ಸಾಕು, ಕಾಗದ ಪೆನ್ಸಿಲುಗಳನ್ನು ನಾವೇ ತರುತ್ತೇವೆ. ಎಲ್ಲರೂ ಚಿತ್ರಕಾರರಾಗಬೇಕಾಗಿಲ್ಲ, ಚರಿತ್ರೆ ಓದುವವನಿಗೂ ಸಾಹಿತ್ಯ ಓದುವವನಿಗೂ ನೋಡುವ ಅಭ್ಯಾಸ ಬೇಕು. ಗುರುಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ವಿನಂತಿ.

ವರ್ಷವಿಡೀ ಎದುರಿಗಿದ್ದ ಆ ಹೂಜಿಯ ಕತ್ತು ಉದ್ದವಿತ್ತೋ ಗಿಡ್ಡವಿತ್ತೋ ಎಂದು ಯಾರಾದರೂ ಕೇಳಿದರೆ ಇಂದು ನಾನು ಹೇಳಲಾರೆ. ಆ ತಪ್ಪು ಮೇಷ್ಟ್ರದಲ್ಲ.