ಲೇಡಿ ಡಾಕ್ಟರ್ ಇದ್ದರೆ ಸಾಕೇ?

ಮನೆಯ ಹೆಂಗಸರನ್ನು ಆಸ್ಪತ್ರೆಗೆ ಕರಕೊಂಡು ಹೋದಾಗ ನಮ್ಮವರು ಮೊದಲು ಕೇಳುವ ಪ್ರಶ್ನೆ ಒಂದೇ: "ಲೇಡಿ ಡಾಕ್ಟರ್ ಇದ್ದಾರಾ?" ಇದ್ದಾರೆ ಅಂತಾದರೆ ಸಮಾಧಾನ. ಆಮೇಲೆ ಗಂಡನೋ ಅಣ್ಣನೋ ಹೊರಗೆ ಬೆಂಚಿನಲ್ಲಿ ಕೂತು, ಸಿಸ್ಟರ್ ತಂದ ಫಾರಂಗೆ ಬೆರಳು ತೋರಿಸಿದ ಕಡೆ ಸೈನ್ ಹಾಕುತ್ತಾರೆ. ಒಳಗೆ ಮಲಗಿದವಳಿಗೆ ಯಾವ ಪರೀಕ್ಷೆ ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಅದನ್ನು ಅವಳಿಗೆ ಯಾರಾದರೂ ಹೇಳಿದ್ದಾರಾ ಎಂದು ವಿಚಾರಿಸುವವರು ಕಡಿಮೆ. ಕಾನೂನು ವಿಚಾರಿಸುವುದು ಅದನ್ನೇ.

ಈ ವಿಷಯದಲ್ಲಿ ನಮ್ಮ ದೇಶದಲ್ಲಿ ಮುಖ್ಯ ಆಧಾರ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದು ಕೊಟ್ಟ ತೀರ್ಪು. ಸಮೀರಾ ಕೊಹ್ಲಿ ಪ್ರಕರಣ ಎಂದು ಅದಕ್ಕೆ ಹೆಸರು. 1995ರಲ್ಲಿ ದೆಹಲಿಯ 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ಮುಟ್ಟಿನ ರಕ್ತಸ್ರಾವ ನಿಲ್ಲದೆ ವೈದ್ಯೆಯ ಬಳಿ ಹೋದರು. ಗಮನಿಸಿ, ವೈದ್ಯೆಯ ಬಳಿಯೇ. ಅವರು ಸೈನ್ ಹಾಕಿದ್ದು ಲ್ಯಾಪ್ರೊಸ್ಕೋಪಿ ಮಾಡಿ ನೋಡುವುದಕ್ಕೆ, ಬೇಕಾಗಿ ಬಂದರೆ ಹೊಟ್ಟೆ ಕೊಯ್ದು ನೋಡುವುದಕ್ಕೆ. ಅರಿವಳಿಕೆ ಕೊಟ್ಟು ಎಚ್ಚರ ತಪ್ಪಿಸಿದ ಮೇಲೆ, ಹೊರಗೆ ಕಾಯುತ್ತಿದ್ದ ತಾಯಿಯ ಸೈನ್ ತೆಗೊಂಡು, ಗರ್ಭಕೋಶವನ್ನೂ ಅಂಡಾಶಯವನ್ನೂ ತೆಗೆದುಬಿಟ್ಟರು.

ಹೆತ್ತ ತಾಯಿಯೇ ಒಪ್ಪಿದ ಮೇಲೆ ತಪ್ಪೇನು ಎಂದು ನಮ್ಮಲ್ಲೂ ಕೇಳುವವರಿದ್ದಾರೆ. ಕೋರ್ಟ್ ಒಪ್ಪಲಿಲ್ಲ. ಪ್ರಾಯಕ್ಕೆ ಬಂದ, ಬುದ್ಧಿ ಸರಿ ಇರುವ ಹೆಂಗಸು ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪಿದ್ದಾಳೆ ಅಷ್ಟೇ. ಎಚ್ಚರವಾದ ಮೇಲೆ ಅವಳನ್ನೇ ಕೇಳಬಹುದಿತ್ತು, ಅವಳ ಬದಲಿಗೆ ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಎಂದಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಅಲ್ಲ ಎಂದಿತು. ಕಾಯಿಲೆ ಏನು, ಮಾಡುವುದೇನು, ಬೇರೆ ದಾರಿ ಇದೆಯೇ, ಅಪಾಯ ಏನು ಎಂದು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ. ಜೀವಕ್ಕೆ ಅಪಾಯವಿದ್ದು, ಕೇಳುತ್ತಾ ಕೂತರೆ ಕೈಮೀರುತ್ತದೆ ಎಂಬಲ್ಲಿ ಮಾತ್ರ ವಿನಾಯಿತಿ. ಕೊನೆಗೆ ಸಿಕ್ಕಿದ ಪರಿಹಾರ 25,000 ರೂಪಾಯಿ, ಜೊತೆಗೆ ವೈದ್ಯರ ಫೀಸ್ ಮನ್ನಾ. ಮೊತ್ತ ಚಿಕ್ಕದು, ನಮಗಂತೂ ತೀರಾ ಚಿಕ್ಕದೆಂದೇ ಕಾಣುತ್ತದೆ. ತೀರ್ಪು ಮಾತ್ರ ದೊಡ್ಡದು.

ನಮ್ಮ ಜಿಲ್ಲೆಗೆ ಇನ್ನೊಂದು ಕಾರಣಕ್ಕೂ ಇದು ಹತ್ತಿರದ ವಿಷಯ. ದೇರಳಕಟ್ಟೆ ಕಡೆ ಹೋದರೆ ಒಂದರ ಹಿಂದೆ ಒಂದು ಮೆಡಿಕಲ್ ಕಾಲೇಜು. ಖರ್ಚು ಕಡಿಮೆ ಅಂತ ನಮ್ಮ ಜನ ಹೆಚ್ಚಾಗಿ ಹೋಗುವುದು ಅಲ್ಲಿಗೇ. ಕಾಲೇಜು ಅಂದ ಮೇಲೆ ಕಲಿಯುವ ಮಕ್ಕಳು ಇರುತ್ತಾರೆ. ಅವರು ಕಲಿಯದಿದ್ದರೆ ನಾಳೆ ನಮಗೆ ಆ ಲೇಡಿ ಡಾಕ್ಟರ್ ಎಲ್ಲಿಂದ ಬರಬೇಕು? ಆದರೆ ಕಲಿಯುವುದಕ್ಕೂ ಕೇಳಬೇಕಲ್ಲ. ಅಮೆರಿಕದಲ್ಲಿ ಅರಿವಳಿಕೆಯಲ್ಲಿ ಮಲಗಿದ ರೋಗಿಗಳ ಗುಪ್ತಾಂಗವನ್ನು ಅವರಿಗೆ ತಿಳಿಸದೆ ವಿದ್ಯಾರ್ಥಿಗಳಿಂದ ಪರೀಕ್ಷೆ ಮಾಡಿಸುತ್ತಿದ್ದರು ಎಂಬುದು ದೊಡ್ಡ ವಿವಾದವಾಯಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆ, ಇಂಥ ಪರೀಕ್ಷೆಗೆ ಮೊದಲೇ ಲಿಖಿತ ಒಪ್ಪಿಗೆ ಬೇಕು ಎಂದು ಆಸ್ಪತ್ರೆಗಳಿಗೆ ಸ್ಪಷ್ಟವಾಗಿ ಹೇಳಿತು. ಸ್ತನ, ಗರ್ಭಕೋಶದ ಭಾಗ ಮಾತ್ರವಲ್ಲ, ಗಂಡಸರ ಪ್ರಾಸ್ಟೇಟ್ ಪರೀಕ್ಷೆಯೂ ಅದರಲ್ಲಿ ಬರುತ್ತದೆ. ಹೊರಗೆ ಬೆಂಚಿನಲ್ಲಿ ಕೂತವರೂ ಓದಿಕೊಳ್ಳಬೇಕಾದ ಮಾತು.

ನಮ್ಮಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದು ತಯಾರಿಸಿತು. ಗಂಡು ವೈದ್ಯರು ಹೆಂಗಸನ್ನು ದೇಹ ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಅಲ್ಲಿರಬೇಕೆಂದು ಕೇಳುವುದು ರೋಗಿಯ ಹಕ್ಕು, ಹಾಗೆ ಇರುವಂತೆ ನೋಡಿಕೊಳ್ಳುವುದು ಆಸ್ಪತ್ರೆಯ ಕೆಲಸ ಎಂದು ಅದರಲ್ಲಿದೆ. ಅತ್ಯಾಚಾರದ ಕೇಸಿನಲ್ಲಿ ಸಾಕ್ಷ್ಯಕ್ಕಾಗಿ ಮಾಡುವ ಪರೀಕ್ಷೆಗೂ ಆಕೆಯ ಒಪ್ಪಿಗೆ ಬೇಕು. ಹಿಂದೆ ನಡೆಯುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಯಾರಾದರೂ ಮಾಡಿದರೆ ಅದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿದೆ.

ದೀನಿನ ಕಡೆಯಿಂದ ನೋಡಿದರೂ ಇದು ಹೊಸತಲ್ಲ. ಚಿಕಿತ್ಸೆಗಾಗಿ ಔರತ್ ತೋರಿಸಲು ಶಾಫಿಈ ಫಿಕ್ಹ್‌ನಲ್ಲಿ ಅನುಮತಿ ಇದೆ. ಹೆಂಗಸಿಗೆ ವೈದ್ಯೆ ಮೊದಲು. ಸಿಗದಿದ್ದರೆ ಗಂಡು ವೈದ್ಯರಾದರೂ ಸರಿ, ಆಗ ಮಹ್ರಂ ಅಥವಾ ನಂಬಿಕೆಯ ಹೆಂಗಸು ಜೊತೆಗಿರಬೇಕು. ಈ ಭಾಗ ಎಲ್ಲರಿಗೂ ಬಾಯಿಪಾಠ. ಅದರ ಜೊತೆಗೇ ಇರುವ ಇನ್ನೊಂದು ಮಾತು, ಅಗತ್ಯ ಇರುವಷ್ಟು ಮಾತ್ರ ಎಂಬುದು, ಮನೆಗಳಲ್ಲಿ ಚರ್ಚೆಗೇ ಬರುವುದಿಲ್ಲ. ಅಗತ್ಯ ಎಷ್ಟು ಎಂದು ಗೊತ್ತಾಗಬೇಕಾದರೆ ವೈದ್ಯರು ಹೇಳಬೇಕು, ರೋಗಿ ಕೇಳಬೇಕು. ಕೇಳುವುದು ಮರ್ಯಾದೆ ಮೀರುವುದು ಹೇಗಾಗುತ್ತದೆ?

ಗಲ್ಫ್ ಮನೆಗಳ ಕಷ್ಟ ಬೇರೆ. ಗಂಡ ದಮಾಮ್‌ನಲ್ಲೋ ದುಬೈಯಲ್ಲೋ ಡ್ಯೂಟಿಯಲ್ಲಿರುತ್ತಾನೆ, ಫೋನ್ ಎತ್ತುವುದಿಲ್ಲ, ಇಲ್ಲಿ ಸಿಸೇರಿಯನ್‌ಗೆ ಸೈನ್ ಹಾಕಲು ಮಾವ ಹಿಂದೆಮುಂದೆ ನೋಡುತ್ತಾರೆ. 18 ತುಂಬಿದ ಹೆಂಗಸು ತನ್ನ ಸಿಸೇರಿಯನ್‌ಗೆ ತಾನೇ ಒಪ್ಪಿಗೆ ಕೊಡಬಹುದು. ಮನೆಯವರೊಂದಿಗೆ ಮಾತಾಡುವುದು ಒಳ್ಳೆಯದೇ, ಆದರೆ ಅವರ ಸೈನ್ ಇಲ್ಲ ಅಂತ ಹೊಟ್ಟೆಯ ಮಗು ಕಾಯುವುದಿಲ್ಲ.

ಇನ್ನೂ ದೊಡ್ಡ ನಷ್ಟ ಆಸ್ಪತ್ರೆಗೆ ಹೋಗದವರದ್ದು. ಎದೆಯಲ್ಲಿ ಗಂಟು ಕಂಡರೂ, ಬಿಳಿ ಹೋಗುವುದು ವಾಸನೆ ಬಂದರೂ ನಮ್ಮ ಉಮ್ಮಂದಿರು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಕಾಯಿಲೆಗಿಂತ ಆ ಮಂಚದ ಹೆದರಿಕೆ ಅವರಿಗೆ: ಯಾರೆಲ್ಲ ಬರುತ್ತಾರೋ, ಏನೆಲ್ಲ ಬಿಚ್ಚಿಸುತ್ತಾರೋ. ಮೊದಲು ವಿವರ ಕೇಳಬಹುದು, ವಿದ್ಯಾರ್ಥಿಗಳು ಬೇಡ ಅನ್ನಬಹುದು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಹುದು, ನೋವಾದರೆ ನಡುವೆಯೇ ನಿಲ್ಲಿಸಿ ಎನ್ನಬಹುದು ಎಂದು ಗೊತ್ತಿದ್ದರೆ ಬೇಗ ಹೋಗುವವರು ಎಷ್ಟೋ ಮಂದಿ. ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಬೇಗ ಹೋದವರಿಗೂ ತಡವಾಗಿ ಹೋದವರಿಗೂ ಇರುವ ವ್ಯತ್ಯಾಸ ಡಾಕ್ಟರುಗಳನ್ನು ಕೇಳಿದರೆ ತಿಳಿಯುತ್ತದೆ.

ಜಮಾಅತ್ ಕಮಿಟಿಗಳು ಮದ್ರಸ ಹಾಲ್‌ನಲ್ಲಿ ಉಚಿತ ಆರೋಗ್ಯ ಶಿಬಿರ ಮಾಡುತ್ತವೆ, ಸಂತೋಷ. ಮುಂದಿನ ಸಲ ಬ್ಯಾನರಿಗೆ ಖರ್ಚು ಮಾಡುವ ಮೊದಲು ಹೆಂಗಸರ ಕಡೆಗೆ ಸರಿಯಾದ ಪರದೆ ಇರುವ ಒಂದು ಕೋಣೆ ಮಾಡಿ. ಪರೀಕ್ಷೆ ಹೇಗಿರುತ್ತದೆ ಎಂದು ಬ್ಯಾರಿ ಭಾಷೆಯಲ್ಲೇ ವಿವರಿಸುವ ಒಬ್ಬ ಸಿಸ್ಟರನ್ನು ಬಾಗಿಲಲ್ಲಿ ಕೂರಿಸಿ. ಗುಸುಲ್, ಹೈಳ್ ಪಾಠ ಮಾಡುವ ಹಿರಿಯ ಹೆಣ್ಣುಮಕ್ಕಳ ಕ್ಲಾಸಿನಲ್ಲಿ ಇದನ್ನೂ ಸೇರಿಸಬಹುದು, ಅರ್ಧ ಗಂಟೆ ಸಾಕು.